ಹೊರಗಿನ ಪೊಟ್ಟಣ

ನಮ್ಮ ರೈತನು ಬಿತ್ತನೆಯ ಬೀಜವನ್ನು ಸಾಮಾನ್ಯವಾಗಿ ಮೂರು ಕಡೆಗಳಿಂದ ಪಡೆಯುತ್ತಾನೆ. ತನ್ನ ಕಣಜದಲ್ಲಿ ಕಾಪಿಟ್ಟದ್ದು ಒಂದು. ಪರೀಕ್ಷೆಗೆ ಒಳಗಾಗಿ, ನೀಲಿ ಚೀಟಿ ಹೊತ್ತು ಬಂದ ಪ್ರಮಾಣಿತ ಬೀಜ ಮತ್ತೊಂದು. ನೆಂಟರ ಮನೆಯಲ್ಲಿಯೋ ಜಾತ್ರೆಯಲ್ಲಿಯೋ ಯಾರೋ ಕೈಗಿತ್ತ ಹಿಡಿ ಬೀಜ ಮೂರನೆಯದು. ಈ ಮೂರನೆಯದಕ್ಕೆ ಚೀಟಿಯೂ ಇಲ್ಲ, ಮುದ್ರೆಯೂ ಇಲ್ಲ. ಆದರೂ ಎಷ್ಟೋ ಒಳ್ಳೆಯ ತಳಿಗಳು ಊರಿಂದೂರಿಗೆ ಹಬ್ಬಿದ್ದು ಹೀಗೆಯೇ. ಜಾಣನಾದ ರೈತನು ಅದನ್ನು ಬೇಡವೆನ್ನುವುದಿಲ್ಲ. ಇಡೀ ಹೊಲಕ್ಕೆ ಚೆಲ್ಲುವುದೂ ಇಲ್ಲ. ಒಂದು ಮೂಲೆಯಲ್ಲಿ ಬಿತ್ತಿ ಕಾದು ನೋಡುತ್ತಾನೆ. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹದೇ ವ್ಯವಹಾರವುಂಟು ಎಂಬುದು ನನಗೆ ತಿಳಿದದ್ದು ನಿವೃತ್ತಿಯ ತರುವಾಯ.

ಗಣಕವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರ ರಚನೆಯನ್ನು ಗುಟ್ಟಾಗಿಡದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಬಿಟ್ಟುಕೊಟ್ಟರೆ ಅದು ಮುಕ್ತ ವ್ಯವಸ್ಥೆಯೆನಿಸುತ್ತದೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಇಂತಹ ವ್ಯವಸ್ಥೆಯೊಂದನ್ನು ಕಟ್ಟುವ ಸಂಕಲ್ಪವನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ತಿರುಳನ್ನು ರಚಿಸಿ ಲೋಕದ ಮುಂದಿಟ್ಟರು. 1993ರಲ್ಲಿ ಇಯಾನ್ ಮರ್ಡಾಕ್ ಅವರು ಡೆಬಿಯನ್ ಎಂಬ ಯೋಜನೆಯನ್ನು ಆರಂಭಿಸಿದರು. ಚದುರಿಹೋದ ತಂತ್ರಾಂಶಗಳನ್ನು ಕಲೆಹಾಕಿ, ಒಂದಕ್ಕೊಂದು ಹೊಂದುವಂತೆ ಅಣಿಗೊಳಿಸಿ, ಪೊಟ್ಟಣಗಳಾಗಿ ಕಟ್ಟಿ ಭಂಡಾರದಲ್ಲಿಡುವುದು ಅದರ ಕೆಲಸ. ಭಂಡಾರದ ಪಟ್ಟಿಗೆ ಗಣಕವು ಓದಬಲ್ಲ ಒಂದು ಸಹಿಯಿರುತ್ತದೆ. ಪೊಟ್ಟಣದಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ಲೆಕ್ಕ ತಾಳೆಯಾಗದೆ ಯಂತ್ರವು ತಡೆಯುತ್ತದೆ. 2004ರಲ್ಲಿ ಹೊರಬಂದ ಉಬುಂಟು ವ್ಯವಸ್ಥೆಯು ಈ ಡೆಬಿಯನ್ನಿನ ತಳಹದಿಯ ಮೇಲೆಯೇ ನಿಂತಿದೆ.

ಆದರೆ ಯಾವ ಭಂಡಾರವೂ ಪರಿಪೂರ್ಣವಲ್ಲ. ಕಾಯುವವರಲ್ಲಿ ಬಹುಮಂದಿ ಸಂಬಳವಿಲ್ಲದ ಸ್ವಯಂಸೇವಕರು. ಹೊಸದು ಅಲ್ಲಿಗೆ ತಲಪುವುದು ತಡವಾಗುತ್ತದೆ. ಕೆಲವಕ್ಕೆ ಪರವಾನಗಿಯ ತೊಡಕಿರುತ್ತದೆ. ಇನ್ನು ಕೆಲವು ಎಷ್ಟು ಕಡಿಮೆ ಜನಕ್ಕೆ ಬೇಕಾದವೆಂದರೆ, ಅವನ್ನು ಕಟ್ಟಿಡಬೇಕೆಂದು ಯಾರಿಗೂ ತೋರಿರುವುದಿಲ್ಲ. ಆಗ ಹೊರಗಿನ ಪೊಟ್ಟಣವನ್ನು ಅರಸಬೇಕಾಗುತ್ತದೆ. ಅದನ್ನು ಅಳವಡಿಸುವಾಗ ಯಂತ್ರವು ಒಡೆತನದ ಗುಪ್ತಪದವನ್ನು ಕೇಳುತ್ತದೆ. ಈ ಪ್ರಶ್ನೆಯ ಅರ್ಥವನ್ನು ಅರಿಯುವುದು ಅಗತ್ಯ. ಗುಪ್ತಪದವನ್ನು ಕೊಟ್ಟೊಡನೆ ಪೊಟ್ಟಣದೊಳಗಿನ ಆಜ್ಞೆಗಳು ಯಂತ್ರದ ಮೇಲೆ ಪೂರ್ಣಾಧಿಕಾರವನ್ನು ಪಡೆಯುತ್ತವೆ. ಅದು ಅತಿಥಿಗೆ ಜಗಲಿಯಲ್ಲಿ ಚಾಪೆ ಹಾಸಿದಂತಲ್ಲ. ಮನೆಯ ಬೀಗದ ಕೈಗೊಂಚಲನ್ನೇ ಒಪ್ಪಿಸಿದಂತೆ. ಹೊರಗಿನ ಭಂಡಾರವೊಂದನ್ನೇ ನಮ್ಮ ಪಟ್ಟಿಗೆ ಸೇರಿಸಿಕೊಂಡೆವೆಂದರೆ, ಇಂದಿನ ಪೊಟ್ಟಣ ಮಾತ್ರವಲ್ಲ, ನಾಳೆಯ ಪರಿಷ್ಕರಣಗಳೂ ಅದೇ ಕೈಗಳಿಂದ ಬರತೊಡಗುತ್ತವೆ.

ನನಗೂ ಹೊರಗಿನ ಪೊಟ್ಟಣವೊಂದು ಬೇಕಾಯಿತು. ಅಧ್ಯಾಪಕ ವೃತ್ತಿಯಲ್ಲಿದ್ದಾಗ ರಜೆಯ ದಿನಗಳಲ್ಲಿ ಹಳ್ಳಿಗಳನ್ನು ಸುತ್ತಿ ಬೇಸಾಯದ ಮಾತುಗಳನ್ನು ಕೂಡಿಹಾಕುತ್ತಿದ್ದೆ. ನೊಗ, ಕೂರಿಗೆ, ಕುಂಟೆ, ಕಪಿಲೆ, ಮಿಣಿ ಮೊದಲಾದವು ಹೇಗೆ ಬಳಕೆಯಾಗುತ್ತಿದ್ದವು, ಅವುಗಳ ಒಂದೊಂದು ಅಂಗಕ್ಕೂ ಯಾವ ಹೆಸರಿತ್ತು ಎಂಬುದೆಲ್ಲ ಅದರಲ್ಲಿತ್ತು. ಹೇಳಿದವರಲ್ಲಿ ಅನೇಕರು ಈಗ ಇಲ್ಲ. ಅವೆಲ್ಲವನ್ನೂ ಹಿಂದೆ ಒಂದು ಹಳೆಯ ಪದ್ಧತಿಯಲ್ಲಿ ಬೆರಳಚ್ಚು ಮಾಡಿಸಿದ್ದೆ. ಆ ಪದ್ಧತಿಯಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿರುತ್ತಿದ್ದರು. ಆ ಅಕ್ಷರಶೈಲಿಯಿಲ್ಲದ ಹೊಸ ಯಂತ್ರದಲ್ಲಿ ತೆರೆದಾಗ ಕಂಡದ್ದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಲಿಪಿಯ ಗೊಂದಲ. ಇದನ್ನು ಯೂನಿಕೋಡಿಗೆ ಪರಿವರ್ತಿಸುವ ಸಣ್ಣ ತಂತ್ರಾಂಶವೊಂದನ್ನು ಯಾರೋ ಕನ್ನಡದ ತರುಣರು ರಚಿಸಿ ಉಚಿತವಾಗಿ ಇಟ್ಟಿದ್ದರು. ಆದರೆ ಅದು ಅಧಿಕೃತ ಭಂಡಾರದಲ್ಲಿರಲಿಲ್ಲ.

ಗಣಕದ ವಿದ್ಯೆಯಲ್ಲಿ ಪಳಗಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಅವನು ಅಳವಡಿಸಲು ಆತುರಪಡಲಿಲ್ಲ.

“ಸಾರ್, ಇದು ಹೊರಗಿನದು. ಮೊದಲು ನೀವೇ ಒಮ್ಮೆ ಓದಿ ನೋಡಿ” ಎಂದನು.

“ಇದನ್ನು ಓದಲು ನನಗೆಲ್ಲಿ ಬರುತ್ತದಪ್ಪಾ?”

“ನಿಮಗೆ ಕನ್ನಡದ ಅಕ್ಷರಮಾಲೆ ಬರುತ್ತದಲ್ಲ ಸಾರ್, ಮುಕ್ಕಾಲು ಪಾಲು ಅದೇ ಇದೆ.”

ಅವನ ಮಾತು ನಿಜವಾಗಿತ್ತು. ತೆರೆದು ನೋಡಿದರೆ ಉದ್ದಕ್ಕೂ ಒಂದು ಕೋಷ್ಟಕ. ಈ ಚಿಹ್ನೆಗೆ ಈ ಅಕ್ಷರ, ಈ ಚಿಹ್ನೆಗೆ ಈ ಒತ್ತು. ಕೊನೆಯಲ್ಲಿ ಅರ್ಕಾವತ್ತಿನ ವಿಚಾರ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಬರೆಯುವಂತೆಯೇ ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡಿನಲ್ಲಾದರೋ ಉಚ್ಚರಿಸುವಂತೆ ರಕಾರವೇ ಮೊದಲು ಬರಬೇಕು. ಅದನ್ನು ಹಿಂದಿನಿಂದ ಮುಂದಕ್ಕೆ ತರುವ ಕೆಲವು ಸಾಲುಗಳಿದ್ದವು. ಸಂಧಿಯನ್ನು ಕಲಿಸಿದ ನನಗೆ ಅದರ ನ್ಯಾಯ ತಿಳಿಯಿತು. ಉಳಿದ ಸಾಲುಗಳನ್ನು ಅವನು ಬಿಡಿಸಿ ಹೇಳಿದನು. ಹೊರಗೆ ಯಾರಿಗೂ ಏನನ್ನೂ ಕಳುಹಿಸುವ ಆಜ್ಞೆ ಅದರಲ್ಲಿರಲಿಲ್ಲ. ಈ ಕೆಲಸಕ್ಕೆ ಒಡೆತನದ ಅಧಿಕಾರ ಬೇಕಿಲ್ಲವೆಂದು ಬೇರೊಂದು ಸಾಮಾನ್ಯ ಖಾತೆಯಲ್ಲಿ, ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ನಡೆಸಿದನು. ತೆರೆಯ ಮೇಲೆ ‘ಸೂರ್ಯ’, ‘ಕಾರ್ಯ’, ‘ವರ್ಷ’ ಎಂಬ ಮಾತುಗಳು ಸರಿಯಾಗಿ ಮೂಡಿದವು. ಅವುಗಳ ಹಿಂದೆಯೇ ಕೂರಿಗೆಯೂ ಕಪಿಲೆಯೂ ಮರಳಿ ಬಂದವು. ಎಂದೋ ಕಣ್ಮುಚ್ಚಿದ ಹಿರಿಯರ ಮಾತನ್ನು ಮತ್ತೆ ಕೇಳಿದಂತಾಯಿತು. ಚೀಟಿಯಿಲ್ಲದ ಪೊಟ್ಟಣಗಳನ್ನೆಲ್ಲ ದೂರವಿಟ್ಟಿದ್ದರೆ ಆ ಮಾತುಗಳು ನನಗೆ ದಕ್ಕುತ್ತಿರಲಿಲ್ಲ.

ಹಾಗೆಂದು ಹೊರಗಿನದೆಲ್ಲವೂ ನಂಬಿಕೆಗೆ ಅರ್ಹವೆಂದಲ್ಲ. ಆರ್ಚ್ ಎಂಬ ಲಿನಕ್ಸ್ ವ್ಯವಸ್ಥೆಗೆ ಬಳಕೆದಾರರೇ ತುಂಬುವ ಭಂಡಾರವೊಂದುಂಟು. 2018ರ ಜುಲೈನಲ್ಲಿ, ಪಾಲಕರಿಲ್ಲದೆ ಅನಾಥವಾಗಿದ್ದ ಪೊಟ್ಟಣವೊಂದನ್ನು ಯಾರೋ ದತ್ತು ಪಡೆದು, ಅದರಲ್ಲಿ ಕೇಡಿನ ಸಾಲುಗಳನ್ನು ಸೇರಿಸಿದರು. 2025ರ ಜುಲೈನಲ್ಲಿ ಅದೇ ಭಂಡಾರದಲ್ಲಿ, ಜಾಲ ನೋಡುವ ತಂತ್ರಾಂಶಗಳ ಪರಿಷ್ಕೃತ ರೂಪವೆಂಬ ಸೋಗಿನಲ್ಲಿ ಮೂರು ಪೊಟ್ಟಣಗಳು ಕಾಣಿಸಿಕೊಂಡವು. ಅವುಗಳೊಳಗಿದ್ದದ್ದು ದೂರದಿಂದ ಯಂತ್ರವನ್ನು ಆಳುವ ಹಂಚಿಕೆ. ಎರಡು ಸಲವೂ ಇತರರು ಗಮನಿಸಿದ್ದರಿಂದ ಅವು ಬೇಗನೆ ತೆಗೆದುಹಾಕಲ್ಪಟ್ಟವು.

ಅಧಿಕೃತ ಮುದ್ರೆಯೊಂದೇ ಸಾಕೆನ್ನುವಂತೆಯೂ ಇಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಸಹಾಯಕನಂತೆ ದುಡಿದು ವಿಶ್ವಾಸ ಗಳಿಸಿದವನೊಬ್ಬನು ಕೊನೆಗೆ ಅದರಲ್ಲಿ ಕಳ್ಳಬಾಗಿಲನ್ನು ಕೊರೆದನು. ಅದು ಡೆಬಿಯನ್ನಿನ ಪರೀಕ್ಷಾ ಆವೃತ್ತಿಯವರೆಗೂ ಬಂದಿತ್ತು. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಜ್ಞರು, ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಕಂಡು, ಕಾರಣವನ್ನು ಹುಡುಕುತ್ತ ಹೋಗಿ ಅದನ್ನು ಬಯಲಿಗೆಳೆದರು. ಅರ್ಧ ಸೆಕೆಂಡಿನ ತಡವನ್ನು ಅಲಕ್ಷಿಸದ ಒಬ್ಬರ ಎಚ್ಚರವು ಅಸಂಖ್ಯ ಯಂತ್ರಗಳನ್ನು ಕಾಪಾಡಿತು.

ಇದರಿಂದ ತಿಳಿಯಬೇಕಾದದ್ದು ಒಂದೇ. ತೆರೆದಿಟ್ಟದ್ದು ಎಂದ ಮಾತ್ರಕ್ಕೆ ಅದು ಪರೀಕ್ಷಿತವಾದದ್ದು ಎಂದಾಗುವುದಿಲ್ಲ. ಪುಸ್ತಕವು ತೆರೆದಿದ್ದರೆ ಸಾಲದು, ಓದುವವರು ಬೇಕು. ಮುಚ್ಚಿದ ವ್ಯವಸ್ಥೆಯಲ್ಲಿ ನೋಡುವ ಹಕ್ಕೇ ನಮಗಿಲ್ಲ; ಮುಕ್ತ ವ್ಯವಸ್ಥೆಯು ಆ ಹಕ್ಕನ್ನು ಕೊಟ್ಟು, ಅದರೊಡನೆ ನೋಡುವ ಹೊಣೆಯನ್ನೂ ಹೊರಿಸುತ್ತದೆ. ಕಟ್ಟಿದವರು ಯಾರು, ಇದು ಕೇಳುವ ಅಧಿಕಾರವೆಷ್ಟು, ಕೆಟ್ಟರೆ ನನ್ನಲ್ಲಿ ಪ್ರತಿಯಿದೆಯೆ ಎಂದು ಕೇಳಿಕೊಳ್ಳುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ತಾನು ಓದಲಾರದವನು ಬಲ್ಲವರಿಂದ ಓದಿಸಿ ಕೇಳಬಹುದು. ಅಪರಿಚಿತರ ಕೊಡುಗೆಗೆ ಕೃತಜ್ಞತೆಯನ್ನು ಸಲ್ಲಿಸುವ ಉತ್ತಮ ರೀತಿಯೆಂದರೆ ಅದನ್ನು ಕಣ್ಣುಮುಚ್ಚಿ ಪಡೆಯುವುದಲ್ಲ, ಕಣ್ಣು ತೆರೆದು ಪಡೆಯುವುದು.