ಬೆರಳುಗನ್ನಡ

ಮುಂಬಯಿಯ ದಹಿಸರಿನವರಿಗೆ ಕುಳಿತು ಕೆಲಸಕ್ಕೆ ಹೋಗುವ ಸುಖ ದಕ್ಕಿದ್ದು ತೀರಾ ಈಚೆಗೆ. ಚರ್ಚ್‌ಗೇಟ್ ಕಡೆಯ ಲೋಕಲ್ಲುಗಳು ವಿರಾರಿನಿಂದಲೇ ತುಂಬಿ ಬರುತ್ತವೆ. ಬೊರಿವಲಿಯಿಂದ ಹೊರಡುವ ಗಾಡಿಯಲ್ಲಿ ಜಾಗ ಸಿಕ್ಕೀತೆಂದು ಒಂದು ಸ್ಟೇಷನ್ ಹೋಗಿ ಇಳಿದು, ಮತ್ತೆ ಹತ್ತುವವರು ನಮ್ಮಲ್ಲಿ ಎಷ್ಟೋ ಮಂದಿ. 2022ರ ಏಪ್ರಿಲ್ 2ರಂದು ದಹಿಸರ್ ಪೂರ್ವದಿಂದ ಮೆಟ್ರೊ ಹೊರಟಿತು ನೋಡಿ, ಆವತ್ತಿನಿಂದ ಸೀಟು ಎಂಬುದು ನಮಗೂ ಉಂಟಾಯಿತು. ಸೀಟು ಸಿಕ್ಕಿದ ಮೇಲೆ ತೊಡೆಯ ಮೇಲೆ ಚೀಲ, ಚೀಲದ ಮೇಲೆ ಹತ್ತು ಬೆರಳು. ಆ ಬೆರಳುಗಳಿಗೆ ಕೆಲಸವಿಲ್ಲ. ನನ್ನ ಬೆರಳುಗನ್ನಡ ಶುರುವಾಗುವುದು ಅಲ್ಲಿ.

ದಿನವಿಡೀ ಬೇರೆಯವರು ಬರೆದ ತಂತ್ರಾಂಶದಲ್ಲಿ ದೋಷ ಹುಡುಕುವುದು ನನ್ನ ಉದ್ಯೋಗ. ಅಲ್ಲಿ ಬೆರಳಿಗೆ ಇಂಗ್ಲಿಷೇ ಗತಿ. ಅದಕ್ಕೇ ದಾರಿಯಲ್ಲಿ ಚೀಲವನ್ನೇ ಕೀಲಿಮಣೆ ಮಾಡಿಕೊಂಡು ಸ್ಟೇಷನ್ನುಗಳ ಹೆಸರನ್ನು ಕನ್ನಡದಲ್ಲಿ ಒತ್ತುತ್ತ ಹೋಗುತ್ತೇನೆ. ದಹಿಸರ್ ಎಂದರೆ ಆರು ಒತ್ತು: ಡಿ, ಎಚ್, ಐ, ಎಸ್, ಆರ್, ಕೊನೆಗೆ ಎಫ್. ಆ ಎಫ್ ಇದೆಯಲ್ಲ, ಅದರ ಮೇಲೆ ತುಂಬಾ ಹೊತ್ತು ನಿಲ್ಲಬೇಕೆನಿಸುತ್ತದೆ. ಅಕ್ಷರದ ಅಕಾರವನ್ನು ಕಳಚಿ ಮುಂದಿನ ಅಕ್ಷರಕ್ಕೆ ಕೂಡಿಸುವ ಕೀಲಿ ಅದು. ಕೀಲಿಮಣೆಯಲ್ಲಿ ಎಡಗೈ ತೋರುಬೆರಳು ಸುಮ್ಮನೆ ಕೂರುವ ಜಾಗವೇ ಅದು. ಕಣ್ಣುಮುಚ್ಚಿದರೂ ತಿಳಿಯಲೆಂದು ಪುಟ್ಟ ಉಬ್ಬುಗೆರೆ ಬೇರೆ. ಒತ್ತಕ್ಷರಗಳ ಈ ಭಾಷೆಗೆ ಬೆರಳಿನ ತವರಿನಲ್ಲೇ ಮನೆ ಕೊಟ್ಟರಲ್ಲ! ಓವರಿಪಾಡಾ ಬರುತ್ತದೆ, ಎಫ್‌ಗೆ ಬಿಡುವು. ರಾಷ್ಟ್ರೀಯ ಉದ್ಯಾನ ಬಂದರೆ ಮೂರು ಸಲ ಓಡಾಟ. ದೇವಿಪಾಡಾ, ಮಾಗಾಠಾಣೆ ಮತ್ತೆ ವಿಶ್ರಾಂತಿ. ಆಕುರ್ಲಿಯಲ್ಲಿ ಒಂದು ವಿಶೇಷವಿದೆ. ಕೈಯಲ್ಲಿ ಬರೆಯುವಾಗ ‘ಲಿ’ ಮೊದಲು, ಅರ್ಕಾವೊತ್ತು ಆಮೇಲೆ. ಒತ್ತುವಾಗ ಹಾಗಲ್ಲ, ಬಾಯಲ್ಲಿ ಬಂದಂತೆ ರಕಾರವೇ ಮೊದಲು. ಅದು ತಾನಾಗಿ ಹಿಂದೆ ಸರಿದು ಕೂರುತ್ತದೆ. ಹಳೆಯ ಟೈಪ್‌ರೈಟರಿನಲ್ಲಿ ಕಣ್ಣಿಗೆ ಕಂಡ ಆಕಾರವನ್ನು ತುಂಡುತುಂಡಾಗಿ ಜೋಡಿಸಬೇಕಿತ್ತು. ಇಲ್ಲಿ ನಾಲಿಗೆ ನಡೆದ ದಾರಿಯಲ್ಲೇ ಬೆರಳೂ ನಡೆಯುತ್ತದೆ.

ಹೀಗೆ ಯೋಚಿಸಿ ಈ ಕೀಲಿಮಣೆಯನ್ನು ರೂಪಿಸಿದವರು ಕಿನ್ನಿಕಂಬಳ ಪದ್ಮನಾಭ ರಾಯರು, ನಾವೆಲ್ಲ ಕೆ. ಪಿ. ರಾವ್ ಎನ್ನುವವರು. 1940ರಲ್ಲಿ ಹುಟ್ಟಿದ್ದು ಮಂಗಳೂರಿನ ಹತ್ತಿರ, ದುಡಿಯಲು ಬಂದದ್ದು ನಮ್ಮ ಮುಂಬಯಿಗೆ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ. ಅಣುವಿಜ್ಞಾನದ ಆ ಅಂಗಳದಲ್ಲಿ ಅವರ ಮನಸ್ಸು ಸಿಕ್ಕಿಬಿದ್ದದ್ದು ಲಿಪಿಗಳಲ್ಲಿ. ಲಿಪಿತಜ್ಞ ಐರಾವತಂ ಮಹಾದೇವನ್ ಸಿಂಧೂ ಲಿಪಿಯ ಚಿಹ್ನೆಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ ಜೋಡಿಸಿದ ಕೆಲಸದಲ್ಲಿ ರಾಯರೂ ಕೈಜೋಡಿಸಿದವರು. ಆ ಕೆಲಸ 1977ರಲ್ಲಿ ಗ್ರಂಥವಾಗಿ ಬಂತು. ಮುಂದೆ ಟಾಟಾ ಪ್ರೆಸ್, ಅಚ್ಚಿನ ಮೊಳೆಗಳು ಬೆಳಕಿನ ಅಕ್ಷರಗಳಾಗುತ್ತಿದ್ದ ಕಾಲ. ಆಮೇಲೆ ಮೊನೊಟೈಪ್, ಮಣಿಪಾಲದಲ್ಲಿ ಪಾಠ, ‘ಸೇಡಿಯಾಪು’ ಎಂಬ ತಂತ್ರಾಂಶ, ಕೊನೆಕೊನೆಗೆ ‘ವರ್ಣಕ’ ಎಂಬ ಕಾದಂಬರಿ. ಯಾರೂ ಓದಲಾಗದ ಲಿಪಿಯೊಂದರ ಜತೆ ಅಷ್ಟು ಕಾಲ ಕೂತವರು, ಎಲ್ಲರೂ ಓದುವ ಲಿಪಿಗೆ ಇಷ್ಟು ಸಲೀಸಾದ ದಾರಿ ಕಂಡರು ಎಂಬುದು ನನಗೆ ಎಷ್ಟು ಸಲ ನೆನೆದರೂ ಮುಗಿಯದ ಸೋಜಿಗ. ಕೀಲಿಮಣೆಯನ್ನು ಅವರು ಕಾಸಿಗೆ ಮಾರಲಿಲ್ಲ, ಬೇಕಾದವರು ಬಳಸಿ ಎಂದು ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸಕ್ಕೂ ‘ನುಡಿ’ ಎಂಬ ತಂತ್ರಾಂಶಕ್ಕೂ ಆಧಾರ ಅದೇ.

ನಮ್ಮ ಕಸುಬಿನಲ್ಲಿ ಆಗಾಗ ಬಯೋಡೇಟಾ ತಿದ್ದಬೇಕಾಗುತ್ತದೆ. ಕಂಪೆನಿ, ಹುದ್ದೆ, ಇಸವಿ, ಎಲ್ಲವೂ ಮೆಟ್ಟಿಲು ಹತ್ತಿದ ಹಾಗೆ. ಹೀಗೆ ಬಳಸಿ ಸುತ್ತಿ ಹೋದ ರಾಯರ ಬದುಕನ್ನು ಅದರಲ್ಲಿ ಹಿಡಿಸುವುದು ಹೇಗೆ? ಇಷ್ಟಪಟ್ಟು ಮಾಡಿದ್ದಕ್ಕೆ ಅಲ್ಲಿ ಅಂಕಣವೇ ಇಲ್ಲ. ನನ್ನ ತಂದೆಯದಕ್ಕೂ ಇರಲಿಲ್ಲ. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ, ಸಂಜೆ ಕೈ ಒರೆಸಿಕೊಂಡು ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಹೋದವರು ಅವರು. ಮುಂಬಯಿಯಲ್ಲಿ ಒಂದು ಇಡೀ ತಲೆಮಾರು ಹಾಗೆ ಓದಿತು. ಗುಮಾಸ್ತರಾದರು, ಬ್ಯಾಂಕು ಸೇರಿದರು, ವಕೀಲರಾದರು. ನನ್ನ ಪದವಿಯ ಕೆಳಗೆ ಆ ರಾತ್ರಿಗಳಿವೆ. ಸೀಪ್ಜ್‌ನಲ್ಲೋ ಮಲಾಡಿನಲ್ಲೋ ಕಂಪ್ಯೂಟರಿನ ಮುಂದೆ ಕೂತ ನನ್ನಂಥ ಅನೇಕರ ಕೆಳಗೂ ಇವೆ. ಅಪ್ಪ ತಪ್ಪಿಲ್ಲದೆ ಬರೆಯುತ್ತಿದ್ದರು, ಒತ್ತುಗಳನ್ನಂತೂ ದುಂಡಗೆ, ತುಸು ದೊಡ್ಡದಾಗಿ.

ಈಗ ಅಕ್ಕನ ಮಗಳು ನನ್ನ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾಳೆ. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್. ಮನೆಯಲ್ಲಿ ಕನ್ನಡ, ಕಿವಿಯಲ್ಲಿ ಮಾತ್ರ. ಮೊನ್ನೆ ‘ಜ್ಞಾನ’ ಒತ್ತಬೇಕಿತ್ತು. ಮರಾಠಿಯಲ್ಲಿ ಅದನ್ನು ‘ದ್ನ್ಯಾನ’ ಎಂದು ಓದಿ ರೂಢಿ, ಹಾಗಾಗಿ ಬೆರಳು ನೇರ ಡಿಗೆ ಹೋಯಿತು. ಜೆ ಒತ್ತು, ಎಫ್ ಒತ್ತು, ಆಮೇಲೆ ಜೆಡ್ ಎಂದೆ. ಪರದೆಯ ಮೇಲೆ ‘ಜ್ಞ’ ಅರಳಿತು. “ಈ ಜೆಡ್‌ನೊಳಗೆ ಇರುವುದು ಯಾವ ಅಕ್ಷರ?” ಎಂದಳು. ಞ ಎಂದೆ. ಅದರ ಜತೆಗೆ ಶಿಫ್ಟ್ ಒತ್ತಿ ನೋಡಿದಳು, ಙ ಬಂತು. ಅದನ್ನು ಯಾವ ಮಾತಿನಲ್ಲಿ ಬಳಸುತ್ತಾರೆ ಎಂದು ಕೇಳಿ, ನಾನು ಉತ್ತರ ಹುಡುಕುತ್ತಿರುವಾಗಲೇ, ಒಂದು ಸಾಲಿನ ತುಂಬ ಙ ತುಂಬಿಸಿಬಿಟ್ಟಳು.