ರೇಡಿಯೋ ಎಂಬ ಸವತಿ

ಮದುವೆಯಾಗಿ ಈ ಮನೆಗೆ ಬಂದಾಗ ನನಗೊಬ್ಬಳು ಸವತಿ ಇದ್ದಾಳೆಂದು ಯಾರೂ ಹೇಳಿರಲಿಲ್ಲ. ರಾತ್ರಿ ಊಟವಾದೊಡನೆ ನಮ್ಮವರು ನಡುಮನೆಯ ಮೂಲೆ ಸೇರಿ ರೇಡಿಯೋದ ಕಿವಿ ಹಿಂಡುತ್ತ ಕೂತರೆ, ಕರೆದರೂ ಓಗೊಡುತ್ತಿರಲಿಲ್ಲ. (ಕಿವಿ ಹಿಂಡುವುದು ಮೇಷ್ಟರಾದ ನಮ್ಮ ಕೆಲಸ, ಇವರು ಬ್ಯಾಂಕಿನವರು!) ಹಾಡು ಕೇಳುವುದಕ್ಕೂ ಅಲ್ಲ. ಕೊರ್ರ್, ಸುಂಯ್ ಎನ್ನುವ ಗದ್ದಲದೊಳಗಿಂದ ದೂರದೇಶದವರ ನಾಲ್ಕು ಮಾತು ಹೆಕ್ಕುವುದಕ್ಕೆ.

ತವರಿನಲ್ಲಿ ನಾನೂ ಬುಧವಾರ ರಾತ್ರಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಗೀತಮಾಲಾ ಕೇಳಿದವಳೇ. ಅದು ಶಾರ್ಟ್‌ವೇವ್ ಎಂದು, ಅದರ ಅಲೆಗಳು ಬಾನಿನ ಅಯಾನುಗೋಳಕ್ಕೆ ತಾಗಿ ಚೆಂಡಿನಂತೆ ಪುಟಿದು ಸಮುದ್ರ ದಾಟಿ ಬರುತ್ತವೆಂದು ತಿಳಿಸಿಕೊಟ್ಟವರು ಇವರು. ತಿಳಿದ ಮೇಲೂ ನನ್ನ ಹೊಟ್ಟೆಕಿಚ್ಚು ಕಮ್ಮಿಯಾಗಲಿಲ್ಲ ಅನ್ನಿ.

2022ರ ಆಷಾಢದಲ್ಲಿ ಇವರಿಗೆ ಲಕ್ವ ಹೊಡೆಯಿತು. ಆರು ತಿಂಗಳಲ್ಲಿ ಮಾತು ಮರಳಿತು, ಕೋಲು ಹಿಡಿದು ನಡೆದರು. ಬಲಗೈ ಬೆರಳುಗಳು ಮಾತ್ರ ಏಳಲಿಲ್ಲ. ಎಡಗೈ ನಡುಗುತ್ತಿತ್ತು. ಕೂದಲೆಳೆಯಷ್ಟು ತಿರುಗಿಸಬೇಕಾದ ಗುಂಡಿ ಒಮ್ಮೆಲೇ ಹಾರಿ, ಸಿಕ್ಕ ಸ್ಟೇಷನ್ ಕಳೆದುಹೋಗುತ್ತಿತ್ತು. ಒಂದು ರಾತ್ರಿ ಅದರ ಮೇಲೆ ಟವೆಲ್ ಹೊದಿಸಿ, "ಇದನ್ನ ಯಾರಿಗಾದರೂ ಕೊಟ್ಟುಬಿಡೋಣ ಕಣೇ" ಎಂದರು. ಸವತಿ ತೊಲಗಿದಳೆಂದು ನಾನು ಹಿಗ್ಗಬೇಕಿತ್ತು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಸಂಕ್ರಾಂತಿಗೆ ಬಂದ ಅಕ್ಕನ ಮಗ ಟವೆಲ್ ತೆಗೆದು, ಆ ಜಪಾನಿನ ಐಕಾಮ್ ರೇಡಿಯೋವನ್ನು ಹಿಂದುಮುಂದು ಮಾಡಿ ನೋಡಿದ. "ಚಿಕ್ಕಮ್ಮ, ಬೆನ್ನ ಮೇಲೆ ಕಂಪ್ಯೂಟರಿಗೆ ಜೋಡಿಸುವ ಜಾಗ ಇದೆಯಲ್ಲ! ಹಳೇ ಲ್ಯಾಪ್‌ಟಾಪ್ ಇದೆಯಾ?" ಎಂದ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಒಂಬತ್ತು ಪಿನ್ನಿನ ಕಿಂಡಿಯೇ ಇರುವುದಿಲ್ಲವಂತೆ. ಮಗ ಓದುವಾಗ ಸೆಕೆಂಡ್‌ಹ್ಯಾಂಡ್ ಕೊಂಡು, ಆಮೇಲೆ ನಾನು ಪ್ರಶ್ನೆಪತ್ರಿಕೆ ಟೈಪು ಮಾಡಿದ ಲ್ಯಾಪ್‌ಟಾಪ್ ಅಟ್ಟದಲ್ಲಿತ್ತು. ಒಂದು ಕೀ ಕಿತ್ತುಹೋಗಿತ್ತು, ಪುಣ್ಯಕ್ಕೆ ಅಂಕಿಗಳೆಲ್ಲ ನೆಟ್ಟಗಿದ್ದವು.

ಕೇಬಲ್ ಹಾಕಿದರೂ ಒಂದು ದಿನವೆಲ್ಲ ಎರಡೂ ಮಾತಾಡಲಿಲ್ಲ. ಎರಡರ ವೇಗ ಒಂದೇ ಇರಬೇಕಂತೆ. ಒಬ್ಬರು ಬಡಬಡ, ಇನ್ನೊಬ್ಬರು ಎಳೆದೆಳೆದು ಮಾತಾಡಿದರೆ ಸಂಸಾರ ನಡೆಯುವುದುಂಟೆ? ಎರಡಕ್ಕೂ 9600 ಎಂದು ಕೊಟ್ಟ ಮೇಲೆ ರಾಜಿಯಾದವು. ಇನ್ನು ಗುಂಡಿ ತಿರುಗಿಸಬೇಕಿಲ್ಲ. ಅಂಕಿ ಒತ್ತಿದರೆ ರೇಡಿಯೋ ತಾನೇ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಶಾರ್ಟ್‌ವೇವ್ ಸ್ಟೇಷನ್ನುಗಳು ಸಾಮಾನ್ಯವಾಗಿ ಐದೈದು ಕಿಲೋಹರ್ಟ್ಸ್ ಲೆಕ್ಕದಲ್ಲಿ ಇರುವುದರಿಂದ, ಬಾಣದ ಕೀ ಒಂದು ಸಲ ಒತ್ತಿದರೆ ಐದು ಹೆಜ್ಜೆ ಎಂದು ಹುಡುಗ ಗೊತ್ತುಮಾಡಿದ. ಕೈ ನಡುಗಿದರೂ ಒತ್ತಲಿಕ್ಕೆ ಅಡ್ಡಿಯಿಲ್ಲ.

ಇವರು ಎಡಗೈ ತೋರುಬೆರಳಿನಿಂದ ಮೊದಲು ಒತ್ತಿದ್ದು 10000. ಒಂದು, ನಾಲ್ಕು ಸೊನ್ನೆ. ಅಷ್ಟು ಸುಲಭದ್ದು ಬೇರೆ ಯಾವುದಿದೆ? ಸಮಯ ತಿಳಿಸುವ ಚೀನಾದ ಕೇಂದ್ರ ಅಲ್ಲಿ ಹಗಲಿರುಳೂ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿರುತ್ತದೆ. ಟಿಕ್, ಟಿಕ್. "ಸಿಕ್ತು" ಎಂದು ಕಣ್ಣು ಮುಚ್ಚಿದರು. ಹುಡುಗ ಸುಮ್ಮನೆ ಎದ್ದು ಹೊರಗೆ ಹೋದ.

ಆದರೆ ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದರೆ ರೇಡಿಯೋದಲ್ಲಿ ಗುಂಯ್ ಎಂದು ಜೇನು ಎದ್ದ ಹಾಗೆ ಸದ್ದು. ಆದ್ದರಿಂದ ಬ್ಯಾಟರಿಯಲ್ಲೇ ನಡೆಸಬೇಕು. ಹೊಸದು ಹಾಕಿಸಿದ್ದೂ ಮುಕ್ಕಾಲು ಗಂಟೆ ಬರುತ್ತದೆ. ಆ ಮುಕ್ಕಾಲು ಗಂಟೆಗೆ ಪಾತ್ರೆ ಬೇಗ ತೊಳೆದು ನಾನೂ ಪಕ್ಕದಲ್ಲಿ ಕೂರುತ್ತೇನೆ. ಎಷ್ಟೋ ಕೇಂದ್ರಗಳು ಈಗಿಲ್ಲ. ಬಿಬಿಸಿ ಹಿಂದಿ 2020ರ ಜನವರಿ 31ಕ್ಕೆ ಶಾರ್ಟ್‌ವೇವ್ ನಿಲ್ಲಿಸಿತು. ಆದರೂ ಇವರು ದಿನಾ ಆ ಜಾಗಕ್ಕೊಮ್ಮೆ ಹೋಗಿ ಬರುತ್ತಾರೆ, ಖಾಲಿ ಮನೆಯ ಕದ ತಟ್ಟಿದ ಹಾಗೆ.

ಮೊನ್ನೆ ಬೀದಿಗೆಲ್ಲ ಕರೆಂಟು ಹೋಯಿತು. ರೇಡಿಯೋಗೆ ಹನ್ನೆರಡು ವೋಲ್ಟಿನ ಬ್ಯಾಟರಿ ಕೊಟ್ಟೆವು. ಅಕ್ಕಪಕ್ಕದ ಎಲ್‌ಇಡಿ ಬಲ್ಬು, ಟೀವಿ ಎಲ್ಲ ಆರಿದ್ದರಿಂದ ಗದ್ದಲ ಇಳಿದು, ಎಂದೂ ಕೇಳದ ದನಿಗಳು ಎದ್ದು ಬಂದವು. ಯಾವ ಭಾಷೆಯೋ, ಒಬ್ಬ ಹೆಂಗಸು ಹಾಡುತ್ತಿದ್ದಳು. ಕತ್ತಲಲ್ಲಿ ಇವರಿಗೆ ಕೀ ಕಾಣಲಿಲ್ಲ. "ಬಲಗಡೆ ಬಾಣ ಒತ್ತು" ಎಂದರು. ಒತ್ತಿದೆ. ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯಿತೆಂದು ಕೂಗಿಕೊಂಡಿತು.

"ಇರು, ಇನ್ನೊಂದು ಸಲ ಒತ್ತೇ" ಎಂದರು.