ಶಿಲಾರಥದ ಕಳೆದುಹೋದ ಶಿಖರ

ಹಂಪೆಗೆ ಹೋದವರು ವಿಜಯವಿಟ್ಠಲ ದೇವಾಲಯದ ಅಂಗಳದಲ್ಲಿರುವ ಶಿಲಾರಥದ ಮುಂದೆ ನಿಲ್ಲದೆ ಬರುವುದಿಲ್ಲ. ರಥವೆಂದು ಕರೆದರೂ ಅದು ವಸ್ತುತಃ ಗರುಡನ ಗುಡಿ. ಕಲ್ಲಿನ ಚಕ್ರಗಳ ಮೇಲೆ, ಎರಡು ಆನೆಗಳನ್ನು ಮುಂದಿರಿಸಿಕೊಂಡು, ಗರ್ಭಗೃಹಕ್ಕೆ ಅಭಿಮುಖವಾಗಿ ನಿಂತಿರುವುದು. ಇಂದು ಕಾಣುವುದೇ ಅದರ ಪೂರ್ಣರೂಪವೆಂದು ನೋಡುವವರು ಬಗೆಯುವುದು ಸಹಜ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಮೇಲೆಯೂ ಈ ರೂಪವೇ ಅಚ್ಚಾಗಿದೆ.

ಆದರೆ 1856ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು ತೆಗೆದ ಛಾಯಾಚಿತ್ರವು ಬೇರೆ ಕಥೆಯನ್ನು ಹೇಳುವುದು. ಅದರಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ಕಾಣುತ್ತದೆ. ಇಂದು ಅದಿಲ್ಲ. ಮಾತಿನಲ್ಲಿ ಹೇಳಿದ್ದರೆ ಉತ್ಪ್ರೇಕ್ಷೆಯೆಂದು ಶಂಕಿಸಬಹುದಿತ್ತು. ಚಿತ್ರವು ಶಂಕೆಗೆ ಎಡೆಗೊಡದು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬವರು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಮಗ್ಗುಲಲ್ಲಿಟ್ಟು ನೋಡಿದರೆ, ನಡುವಣ ನೂರಿಪ್ಪತ್ತೇಳು ವರ್ಷಗಳ ಲಾಭನಷ್ಟಗಳು ಒಂದು ಅಕ್ಷರದ ನೆರವಿಲ್ಲದೆ ತಿಳಿಯುವುವು.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ದೊಡ್ಡ ಕಾಗದ. ಬೆಳ್ಳಿಯ ಲವಣಗಳನ್ನು ಲೇಪಿಸಿದ ಆ ಕಾಗದದ ಮೇಲೆ ಬೆಳಕು ಕಪ್ಪಾಗಿಯೂ ನೆರಳು ಬಿಳುಪಾಗಿಯೂ ಮೂಡುವುದು. ಅದರಿಂದ ಇನ್ನೊಂದು ಕಾಗದಕ್ಕೆ ನಿಜವಾದ ಚಿತ್ರವನ್ನಿಳಿಸಬೇಕು. ಆ ಕಾಗದವು ಬೆಳಕನ್ನು ಗ್ರಹಿಸಲು ಬಹಳ ಹೊತ್ತು ಬೇಕಾಗುತ್ತಿತ್ತು. ಕಲ್ಲು ನಿಶ್ಚಲವಾದುದರಿಂದ ಚಿತ್ರದಲ್ಲಿ ಉಳಿಯಿತು. ನಡೆದುಹೋದ ದನಗಾಹಿಯಾಗಲಿ ಯಾತ್ರಿಕನಾಗಲಿ ಅದರಲ್ಲಿ ಉಳಿಯಲಾರನು.

ಇಲ್ಲಿಯೇ ನೋಡುವವನಿಗೆ ವಿವೇಕ ಬೇಕು. ತಾರ್ಕಿಕರು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆಯಾಗಿ ಎಣಿಸುವರು. ಶಿಖರವಿತ್ತೆಂಬುದಕ್ಕೆ ಚಿತ್ರವು ಪ್ರತ್ಯಕ್ಷಸಮಾನವಾದ ಸಾಕ್ಷಿ. ಬೀದಿಗಳು ಬರಿದಾಗಿ ಕಾಣುವುದರಿಂದ ಹಂಪೆಯು ಅಂದು ನಿರ್ಜನವಾಗಿತ್ತೆಂದರೆ ಅದು ಹೇತ್ವಾಭಾಸ. ಚಿತ್ರವು ಸುಳ್ಳಾಡದು, ಆದರೆ ತಾನು ಕಂಡುದೆಲ್ಲವನ್ನೂ ಹೇಳಲಾರದು.

ನಮ್ಮ ಮನೆಗಳ ಗೋಡೆಗಳಲ್ಲಿಯೂ ಪೆಟ್ಟಿಗೆಗಳಲ್ಲಿಯೂ ಇಂತಹ ಮೂಕಸಾಕ್ಷಿಗಳು ಎಷ್ಟೋ ಇವೆ. ಮದುವೆಯ ಚಿತ್ರದಲ್ಲಿ ಅಜ್ಜಿಯ ಪಕ್ಕದಲ್ಲಿ ನಿಂತ ಹುಡುಗಿ ಯಾರೆಂಬುದನ್ನು ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುವರು. ಅವರು ಇರುವಾಗಲೇ ಕೇಳಿ, ಹೆಸರು, ಊರು, ಇಸವಿಗಳನ್ನು ಚಿತ್ರದ ಹಿಂಬದಿಯಲ್ಲಿ ಮೆಲ್ಲನೆ ಸೀಸದಕಡ್ಡಿಯಿಂದ ಬರೆದಿಡುವುದು ಲೇಸು. ರಥದ ಶಿಖರವನ್ನು ಚಿತ್ರವು ಕಾಪಾಡಿತು. ಚಿತ್ರದಲ್ಲಿರುವವರ ಹೆಸರನ್ನು ನಾವೇ ಕಾಪಾಡಬೇಕು.